ಬ್ಲಾಕ್ಸ್ ಆಟದಿಂದ ಮಕ್ಕಳು ನಿಜವಾಗಿಯೂ ಏನಾದರೂ ಕಲಿಯುತ್ತಾರಾ?

ಪ್ರಶ್ನೆ: ಮಗಳಿಗೆ ಆರು ವರ್ಷ. ಹುಟ್ಟುಹಬ್ಬಕ್ಕೆ ಬ್ಲಾಕ್ಸ್ ಸೆಟ್ ಕೊಡಿಸಿದ್ದೆವು. ಡಬ್ಬಿಯ ಮೇಲಿನ ಚಿತ್ರ ನೋಡಿಕೊಂಡು ಒಂದು ಸಲ ಜೋಡಿಸಿದಳು, ಆಮೇಲೆ ಮುಟ್ಟೇ ಇಲ್ಲ. ಇನ್ನೂ ದೊಡ್ಡ ಸೆಟ್ ತರಬೇಕಾ? ಇದರಿಂದ ಕಲಿಕೆ ಆಗುತ್ತೆ ಅನ್ನೋದು ನಿಜಾನಾ?

ಉತ್ತರ: ನಿಜ. ಆದರೆ ಹೊಸ ಸೆಟ್ ಬೇಡ. ಆ ಚಿತ್ರ ಎತ್ತಿಡಿ, ಒಂದು ಕೆಲಸ ಕೊಡಿ.

ಚಿತ್ರ ನೋಡಿ ಜೋಡಿಸುವುದು ತಪ್ಪಲ್ಲ, ಗಮನವಿಟ್ಟು ಮಾಡುವ ಅಭ್ಯಾಸ ಬರುತ್ತದೆ. ಆದರೆ ಅಲ್ಲಿ ಯೋಚನೆಯನ್ನೆಲ್ಲ ಸೆಟ್ ಮಾಡಿದವರೇ ಮಾಡಿ ಮುಗಿಸಿರುತ್ತಾರೆ. ಮೇಲೆ ಎಂಟು ಉಬ್ಬುಗಳಿರುವ ಲೆಗೋ ಇಟ್ಟಿಗೆ ನೋಡಿರುತ್ತೀರಿ, ಅಲ್ವಾ? ಒಂದೇ ಬಣ್ಣದ ಅಂಥ ಆರು ಇಟ್ಟಿಗೆಗಳನ್ನು 91,51,03,765 ರೀತಿಯಲ್ಲಿ ಜೋಡಿಸಬಹುದು. ಡೆನ್ಮಾರ್ಕಿನ ಗಣಿತಜ್ಞ ಸೋರೆನ್ ಐಲರ್ಸ್ ಕಂಪ್ಯೂಟರಿನಲ್ಲಿ ಇದನ್ನು ಲೆಕ್ಕ ಹಾಕಿದ್ದಾರೆ. ಮನೆಯಲ್ಲಿರುವ ಬಿಡಿ ಇಟ್ಟಿಗೆಗಳೇ ಧಾರಾಳ ಸಾಕು.

ಗೋಡೆಯಿಂದ ಶುರು ಮಾಡಿ. "ಒಂದು ಗೇಣು ಎತ್ತರದ ಗೋಡೆ ಕಟ್ಟು. ನಾನು ಬೆರಳಲ್ಲಿ ತಳ್ಳುತ್ತೇನೆ, ಬೀಳಬಾರದು" ಅನ್ನಿ. ಮೊದಲ ಸಲ ಎಷ್ಟೋ ಮಕ್ಕಳು ಒಂದರ ಮೇಲೊಂದು ನೇರಕ್ಕೆ ಪೇರಿಸುತ್ತಾರೆ. ಸಂದುಗಳೆಲ್ಲ ಒಂದೇ ಗೆರೆಗೆ ಬರುತ್ತವೆ. ತಳ್ಳಿದರೆ ಗೋಡೆ ಅಲ್ಲೇ ಬಿಟ್ಟುಕೊಳ್ಳುತ್ತದೆ. ಆಗ ದಯವಿಟ್ಟು ಹೇಳಿಕೊಡಬೇಡಿ. ಬೀದಿಯಲ್ಲಿ ಎಲ್ಲಾದರೂ ಮನೆ ಕಟ್ಟುತ್ತಿದ್ದರೆ ಕರೆದುಕೊಂಡು ಹೋಗಿ ತೋರಿಸಿ. ಕೆಳಗಿನ ಎರಡು ಇಟ್ಟಿಗೆಗಳ ಸಂದಿನ ಮೇಲೆ ಗಾರೆ ಕೆಲಸದವರು ಮೇಲಿನ ಇಟ್ಟಿಗೆಯ ನಡುಭಾಗ ಕೂರಿಸುತ್ತಾರೆ. ಮನೆಗೆ ಬಂದು ಹಾಗೇ ಕಟ್ಟಿದರೆ ಗೋಡೆಯ ತುದಿಯಲ್ಲಿ ಅರ್ಧ ಇಟ್ಟಿಗೆಯಷ್ಟು ಜಾಗ ಖಾಲಿ ಉಳಿಯುತ್ತದೆ. ಅದಕ್ಕೆ ಸರಿಹೊಂದುವ ಚೂರನ್ನು ಹುಡುಕುತ್ತಾಳಲ್ಲ, ಭಿನ್ನರಾಶಿ ಶುರುವಾಗುವುದೇ ಅಲ್ಲಿ.

ಈ ಅಳತೆಗಳು ಸುಮ್ನೆ ಬಂದವಲ್ಲ. ನ್ಯೂಯಾರ್ಕಿನ ಶಿಕ್ಷಕಿ ಕ್ಯಾರೊಲಿನ್ ಪ್ರ್ಯಾಟ್ ನೂರು ವರ್ಷಕ್ಕೂ ಹಿಂದೆ ರೂಪಿಸಿದ ಮರದ ಬ್ಲಾಕ್‌ನಲ್ಲಿ ಅಗಲ ದಪ್ಪದ ಎರಡರಷ್ಟು, ಉದ್ದ ಅಗಲದ ಎರಡರಷ್ಟು. ಲೆಗೋದಲ್ಲಿ ಮೂರು ತೆಳು ಹಲಗೆ ಪೇರಿಸಿದರೆ ಒಂದು ಇಟ್ಟಿಗೆಯ ಎತ್ತರ.

ಗೋಡೆ ಆದಮೇಲೆ ಸೇತುವೆ. ಎರಡು ದಪ್ಪ ಪುಸ್ತಕಗಳ ನಡುವೆ ಒಂದು ಗೇಣು ಬಿಡಿ. ಸೇತುವೆಯ ಮೇಲೆ ನೀರು ತುಂಬಿದ ಸ್ಟೀಲ್ ಲೋಟ ನಿಲ್ಲಬೇಕು. ಕೆಳಗೊಂದು ಟವೆಲ್ ಹಾಸಿ, ಬಿದ್ದರೆ ಬೀಳಲಿ. "ಎಲ್ಲಿ ಮೊದಲು ಬಗ್ಗಿತು?" ಎಂದಷ್ಟೇ ಕೇಳಿ.

ಇನ್ನೊಂದು ಮಾತು. ಊಟದ ಹೊತ್ತಾಯಿತು ಅಂತ ಕಟ್ಟಿದ್ದನ್ನು ಒಡೆಸಿ ಡಬ್ಬಿಗೆ ತುಂಬಿಸಬೇಡಿ. ಮಕ್ಕಳಿಗೆ ತುಂಬಾ ಬೇಜಾರಾಗುತ್ತದೆ, ಮಾರನೇ ದಿನ ಮುಂದುವರಿಸುವ ಆಸೆಯೂ ಹೋಗುತ್ತದೆ. ಮಣೆಯ ಮೇಲೆ ಕಟ್ಟಿಸಿ, ಹಾಗೇ ಎತ್ತಿ ಮೂಲೆಯಲ್ಲಿಡಬಹುದು.

ಮುಂದೆ ಕೊಳ್ಳಬೇಕು ಅನಿಸಿದರೆ ಕಾರು, ಕೋಟೆ ಅಂತ ಒಂದೇ ವಸ್ತುವಿನ ಸೆಟ್ ಬದಲು ಸಾದಾ ಇಟ್ಟಿಗೆ ಜಾಸ್ತಿ ಇರುವುದನ್ನೇ ತಗೊಳ್ಳಿ. ಐಎಸ್‌ಐ ಗುರುತು ನೋಡಿ, 2021ರಿಂದ ಆಟಿಕೆಗಳಿಗೆ ಅದು ಕಡ್ಡಾಯ. ಮನೆಯಲ್ಲಿ ಮೂರು ವರ್ಷದೊಳಗಿನ ಮಗು ಇದ್ದರೆ ಸಣ್ಣ ಚೂರುಗಳು ಅದರ ಕೈಗೆ ಸಿಗಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ.