ಮಾರಿಯೋ ಜಿಗಿತಕ್ಕೆ 40 ವರ್ಷ: ಈ ಹಳೇ ಗೇಮ್ ಇನ್ನೂ ಯಾಕೆ ಆಡಿಸಿಕೊಳ್ಳುತ್ತದೆ

ಪರದೆಯ ಎಡಗಡೆ ಒಬ್ಬ ಪುಟ್ಟ ಮನುಷ್ಯ. ಟೋಪಿ, ದಪ್ಪ ಮೀಸೆ, ಮುಖ ಬಲಕ್ಕೆ. ಮುಂದೆ ಎಲ್ಲ ಖಾಲಿ. ಏನು ಮಾಡಬೇಕು ಅಂತ ಯಾರೂ ಹೇಳುವುದಿಲ್ಲ. ಹಿಂದಕ್ಕೆ ಹೋಗೋಣ ಅಂದರೆ ಪರದೆಯ ಅಂಚು ಬಿಡುವುದಿಲ್ಲ. ಸರಿ, ಬಲಕ್ಕೆ ನಡೆಯುತ್ತೀರಿ. ಅಷ್ಟರಲ್ಲಿ ಹುಬ್ಬು ಗಂಟಿಕ್ಕಿದ ಒಂದು ಕಂದು ಬಣ್ಣದ ಪ್ರಾಣಿ ಎದುರಿಗೆ ಬರುತ್ತದೆ. ತಾಗಿತೋ, ಒಂದು ಲೈಫ್ ಹೋಯ್ತು. ಮತ್ತೆ ಶುರು. ಈ ಸಲ ಯಾವುದೋ ಬಟನ್ ಒತ್ತುತ್ತೀರಿ, ಮನುಷ್ಯ ಹಾರುತ್ತಾನೆ. ಪ್ರಾಣಿಯ ತಲೆ ಮೇಲೆ ಬಿದ್ದರೆ ಅದು ಅಪ್ಪಚ್ಚಿ. ಅರ್ಧ ನಿಮಿಷವೂ ಆಗಿರುವುದಿಲ್ಲ, ಆಟ ಕಲಿತಾಗಿರುತ್ತದೆ.

1985ರ ಸೆಪ್ಟೆಂಬರ್ 13ರಂದು ಜಪಾನಿನಲ್ಲಿ ನಿಂಟೆಂಡೋ ಕಂಪನಿ 'ಸೂಪರ್ ಮಾರಿಯೋ ಬ್ರದರ್ಸ್' ಬಿಡುಗಡೆ ಮಾಡಿತು. ಅಧಿಕೃತವಾಗಿ ಮಾರಾಟವಾದ ಪ್ರತಿಗಳೇ 4 ಕೋಟಿಗೂ ಜಾಸ್ತಿ. ನಕಲಿ ಕ್ಯಾಸೆಟ್‌ಗಳನ್ನು ಯಾರೂ ಎಣಿಸಿಲ್ಲ. ಇಷ್ಟು ವರ್ಷಗಳಾದರೂ ಜನ ಇದನ್ನು ಯಾಕೆ ಬಿಟ್ಟಿಲ್ಲ ಅಂತ ಕೇಳಿದರೆ ಬರುವ ಸಲೀಸಾದ ಉತ್ತರ, ಬಾಲ್ಯದ ನೆನಪು. ನನಗೆ ಈ ಉತ್ತರ ಸಾಲದು. ಅದೇ ಕಾಲದ ನೂರಾರು ಗೇಮ್‌ಗಳು ನಮ್ಮ ನೆನಪಿನಲ್ಲಿವೆ. ಆದರೆ ಇವತ್ತು ಅವುಗಳನ್ನು ಹಾಕಿ ಹತ್ತು ನಿಮಿಷ ಆಡಿದರೆ ಸಾಕು ಅನಿಸುತ್ತದೆ. ಮಾರಿಯೋ ಹಾಗಲ್ಲ. ಅದರ ಜಿಗಿತದಲ್ಲೇ ಏನೋ ಇದೆ, ಮತ್ತು ಆ ಜಿಗಿತಕ್ಕೆ ಒಂದು ಚರಿತ್ರೆ ಇದೆ.

ಅದು ಶುರುವಾಗಿದ್ದು ಒಂದು ಸೋಲಿನಿಂದ. 1980ರ ಹೊತ್ತಿಗೆ ನಿಂಟೆಂಡೋ 'ರೇಡಾರ್ ಸ್ಕೋಪ್' ಎಂಬ ಆರ್ಕೇಡ್ ಆಟವನ್ನು (ನಾಣ್ಯ ಹಾಕಿ ಆಡುವ ದೊಡ್ಡ ಪೆಟ್ಟಿಗೆಯಂಥ ಯಂತ್ರ) ಅಮೆರಿಕಕ್ಕೆ ಕಳಿಸಿತ್ತು. ತರಿಸಿದ ಸುಮಾರು 3,000 ಯಂತ್ರಗಳಲ್ಲಿ 2,000ದಷ್ಟು ಗೋದಾಮಿನಲ್ಲೇ ಉಳಿದವು. ಆ ಪೆಟ್ಟಿಗೆಗಳಿಗೆ ಹೊಸ ಆಟ ತುಂಬಿ ಮಾರಬೇಕಿತ್ತು. ಕೆಲಸ ಬಿದ್ದದ್ದು ಶಿಗೆರು ಮಿಯಾಮೊಟೊ ಎಂಬ ಯುವಕನ ಮೇಲೆ. ಅವರು ಎಂಜಿನಿಯರ್ ಅಲ್ಲ, ವಿನ್ಯಾಸ ಓದಿ 1977ರಲ್ಲಿ ಕಂಪನಿ ಸೇರಿದವರು. 1981ರಲ್ಲಿ ಅವರು ಮಾಡಿಕೊಟ್ಟಿದ್ದು 'ಡಾಂಕಿ ಕಾಂಗ್'. ದೊಡ್ಡ ಗೊರಿಲ್ಲಾ ಮೇಲಿಂದ ಪೀಪಾಯಿ ಉರುಳಿಸುತ್ತದೆ, ಕೆಳಗಿನಿಂದ ಒಬ್ಬ ಬಡಗಿ ಅವನ್ನು ಹಾರಿ ಹಾರಿ ಮೇಲೇರುತ್ತಾನೆ. ಅವನಿಗೆ ಮೊದಲು ಹೆಸರೇ ಇರಲಿಲ್ಲ, ಬರೀ 'ಜಂಪ್‌ಮ್ಯಾನ್'. ಅಮೆರಿಕದಲ್ಲಿ ಆ ಗೋದಾಮಿನ ಮಾಲೀಕರ ಹೆಸರು ಮಾರಿಯೋ ಸೆಗಾಲಿ. ಅದೇ ಹೆಸರು ಇವನಿಗೂ ಅಂಟಿಕೊಂಡಿತು.

ಅವನ ರೂಪಕ್ಕೂ ಯಂತ್ರದ ಬಡತನವೇ ಕಾರಣ. ಕೈಗೆ ಸಿಗುತ್ತಿದ್ದದ್ದು ಬೆರಳೆಣಿಕೆಯಷ್ಟು ಚುಕ್ಕಿ, ಮೂರು ಬಣ್ಣ. ಅಷ್ಟರಲ್ಲಿ ಬಾಯಿ ಬರೆಯಲು ಆಗುವುದಿಲ್ಲ, ಅದಕ್ಕೇ ಮೀಸೆ. ಹಾರುವಾಗ ಕೂದಲು ಹಾರುವುದನ್ನು ತೋರಿಸಲು ಆಗುವುದಿಲ್ಲ, ಅದಕ್ಕೇ ಟೋಪಿ. ಕೈ ಆಡುವುದು ಕಾಣಬೇಕಲ್ಲ, ಹಾಗಾಗಿ ಅಂಗಿಗೊಂದು ಬಣ್ಣ, ಮೇಲುಡುಪಿಗೆ ಇನ್ನೊಂದು.

ಆದರೆ ಡಾಂಕಿ ಕಾಂಗ್‌ನ ಜಿಗಿತ ಇವತ್ತು ಆಡಿದರೆ ಕಟ್ಟಿಹಾಕಿದ ಹಾಗಿದೆ. ಒಮ್ಮೆ ಹಾರಿದ ಮೇಲೆ ಗಾಳಿಯಲ್ಲಿ ನಿಮ್ಮ ಮಾತು ನಡೆಯುವುದಿಲ್ಲ. ಎಷ್ಟು ಎತ್ತರ, ಎಷ್ಟು ದೂರ ಎಂಬುದು ಮೊದಲೇ ನಿಗದಿ. ಸ್ವಲ್ಪ ಎತ್ತರದಿಂದ ಬಿದ್ದರೂ ಸಾವು. 1983ರ 'ಮಾರಿಯೋ ಬ್ರದರ್ಸ್' ಆರ್ಕೇಡ್ ಆಟದಲ್ಲಿ ಬಿದ್ದರೆ ಸಾಯುವ ನಿಯಮ ಹೋಯಿತು, ತಮ್ಮ ಲುಯೀಜಿ ಬಂದ. ಆಟ ಮಾತ್ರ ಇನ್ನೂ ಒಂದೇ ಪರದೆಯೊಳಗೆ ಇತ್ತು.

ಅದೇ ವರ್ಷ ಜುಲೈನಲ್ಲಿ ನಿಂಟೆಂಡೋ ಮನೆಯ ಟಿವಿಗೆ ಜೋಡಿಸುವ 'ಫ್ಯಾಮಿಕಾಮ್' ತಂದಿತು. ಅತ್ತ ಅಮೆರಿಕದಲ್ಲಿ ಕಳಪೆ ಗೇಮ್‌ಗಳ ಮಹಾಪೂರ ಬಂದು ವಿಡಿಯೋ ಗೇಮ್ ಮಾರುಕಟ್ಟೆಯೇ ಕುಸಿದುಬಿದ್ದಿತ್ತು. ಅಂಗಡಿಯವರು ಗೇಮ್ ಅಂದರೆ ಮುಖ ತಿರುಗಿಸುತ್ತಿದ್ದ ಕಾಲ. ಇತ್ತ ಜಪಾನಿನಲ್ಲಿ ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಗ್ರಾಫ್ ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಹೊಸ ಆಟದ ಲೆವೆಲ್‌ಗಳನ್ನು ಬರೆಯುತ್ತಿದ್ದರು. ಪ್ರೋಗ್ರಾಮರ್‌ಗಳಾದ ತೊಶಿಹಿಕೊ ನಕಾಗೊ ಮತ್ತವರ ಜೊತೆಗಾರರು ಅದನ್ನು ಕೋಡ್ ಮಾಡುತ್ತಿದ್ದರು.

ಅವರಿಗಿದ್ದ ಜಾಗ 40 ಕಿಲೋಬೈಟ್. ವಾಟ್ಸಾಪ್‌ನಲ್ಲಿ ಬೆಳಗಾದರೆ ಬರುವ ಒಂದು ಶುಭೋದಯದ ಚಿತ್ರ ಇದಕ್ಕಿಂತ ದೊಡ್ಡದಿರುತ್ತದೆ. ಅಷ್ಟರಲ್ಲಿ 8 ಲೋಕ, ಒಂದೊಂದರಲ್ಲಿ 4 ಲೆವೆಲ್, ಒಟ್ಟು 32. ಜೊತೆಗೆ ಸಂಗೀತ, ಶತ್ರುಗಳು, ಗುಪ್ತ ದಾರಿಗಳು. ಜಾಗ ಉಳಿಸಲು ಅವರು ಮಾಡಿದ ಉಪಾಯಗಳು ಗೊತ್ತಾದಾಗ ಖುಷಿಯಾಗುತ್ತದೆ. ಆಕಾಶದ ಮೋಡ ಮತ್ತು ನೆಲದ ಪೊದೆ ಒಂದೇ ಚಿತ್ರ. ಮೋಡಕ್ಕೆ ಬಿಳಿ, ಪೊದೆಗೆ ಹಸಿರು, ಅಷ್ಟೇ ವ್ಯತ್ಯಾಸ. ಕೆಲವು ಲೆವೆಲ್‌ಗಳನ್ನೂ ಹಾಗೇ ಮತ್ತೆ ಬಳಸಿದ್ದಾರೆ. ಮೀನು ಹಾರಿಬರುವ 2-3ರ, ಅಂದರೆ 2ನೇ ಲೋಕದ 3ನೇ ಲೆವೆಲ್‌ನ, ಸೇತುವೆಯೇ 7-3ರಲ್ಲಿ ಹೆಚ್ಚು ಶತ್ರುಗಳ ಜೊತೆ ವಾಪಸ್ ಬರುತ್ತದೆ.

ಈಗ ಜಿಗಿತದ ವಿಷಯ. ಈ ಆಟದಲ್ಲಿ ಬಟನ್ ಮುಟ್ಟಿ ಬಿಟ್ಟರೆ ಮಾರಿಯೋ ಚಿಕ್ಕದಾಗಿ ಕುಪ್ಪಳಿಸುತ್ತಾನೆ. ಒತ್ತಿ ಹಿಡಿದರೆ ಎತ್ತರಕ್ಕೆ ಹೋಗುತ್ತಾನೆ. ಒಳಗೆ ನಡೆಯುವುದು ಇಷ್ಟು: ಬಟನ್ ಹಿಡಿದಿರುವ ತನಕ ಮೇಲೇರುತ್ತಿರುವ ಮಾರಿಯೋನನ್ನು ಆಟ ಮೆಲ್ಲಗೆ ಕೆಳಕ್ಕೆ ಎಳೆಯುತ್ತದೆ, ಬಿಟ್ಟ ಕೂಡಲೇ ಜೋರಾಗಿ ಎಳೆಯುತ್ತದೆ. ಓಡುತ್ತಾ ಹಾರಿದರೆ ಇನ್ನೂ ಎತ್ತರ, ಇನ್ನೂ ದೂರ. ಗಾಳಿಯಲ್ಲಿದ್ದಾಗಲೂ ಎಡಕ್ಕೋ ಬಲಕ್ಕೋ ತುಸು ತಿರುಗಿಸಬಹುದು. ಆದರೆ ಪೂರ್ತಿ ಅಲ್ಲ, ಓಡಿದ ವೇಗದ ಭಾರ ಅವನ ಮೇಲೆ ಇದ್ದೇ ಇರುತ್ತದೆ. ಓಡುತ್ತಾ ತಟ್ಟನೆ ಹಿಂದೆ ತಿರುಗಿದರೆ ಕಾಲು ಜಾರುತ್ತದೆ. ಎಷ್ಟು ಎತ್ತರದಿಂದ ಬಿದ್ದರೂ ಏನೂ ಆಗುವುದಿಲ್ಲ.

ನಿಜವಾದ ಮನುಷ್ಯ ಯಾರೂ ಗಾಳಿಯಲ್ಲಿ ದಿಕ್ಕು ಬದಲಿಸಲಾರ. ಆದರೂ ಇದು ಸುಳ್ಳು ಅನಿಸುವುದಿಲ್ಲ, ಅಲ್ವಾ? ಯಾಕೆಂದರೆ ಹೆಬ್ಬೆರಳು ಎಷ್ಟು ಹೊತ್ತು ಬಟನ್ ಮೇಲಿತ್ತು ಎಂಬುದಕ್ಕೂ ಪರದೆಯ ಮೇಲಿನ ಜಿಗಿತಕ್ಕೂ ನೇರ ಸಂಬಂಧ ಇದೆ. ಹಳ್ಳಕ್ಕೆ ಬಿದ್ದಾಗ ಗೇಮ್ ಮೋಸ ಮಾಡಿತು ಅನಿಸುವುದಿಲ್ಲ, ನಾನೇ ಒಂದು ಕ್ಷಣ ಬೇಗ ಬಿಟ್ಟೆ ಅನಿಸುತ್ತದೆ. ಇನ್ನೊಂದು ಸಲ ಆಡಿಸುವುದು ಇದೇ.

ಹೀಗೆ ಮಾಡಿದ ಜಿಗಿತವನ್ನು ಕಲಿಸುವುದಕ್ಕೆ ಮೊದಲ ಲೆವೆಲ್ ಇದೆ. 1-1 ಲೆವೆಲನ್ನು ಮಾಡಿದ್ದು ಉಳಿದ ಬಹುಪಾಲು ಲೆವೆಲ್‌ಗಳು ಆದ ಮೇಲೆ ಅಂತ ಮಿಯಾಮೊಟೊ ಅವರೇ ಹೇಳಿದ್ದಾರೆ. ಮುಂದೆ ಏನೇನು ಬೇಕಾಗುತ್ತದೆ ಅಂತ ಗೊತ್ತಾದ ಮೇಲೆ ಪಾಠ ಬರೆದ ಹಾಗಾಯಿತು. ಅಲ್ಲಿನ ಅಣಬೆಯನ್ನೇ ನೋಡಿ. ಪ್ರಶ್ನೆ ಚಿಹ್ನೆಯ ಪೆಟ್ಟಿಗೆಗೆ ತಲೆ ತಾಗಿಸಿದರೆ ಅಣಬೆ ಹೊರಬರುತ್ತದೆ. ಈಗಷ್ಟೇ ಶತ್ರುವಿನ ಕೈಯಲ್ಲಿ ಸತ್ತವನಿಗೆ ಅದೂ ಶತ್ರುವೇ ಅನಿಸುವುದು ಸಹಜ. ಅದು ಬಲಕ್ಕೆ ಉರುಳಿಹೋಗಿ, ಪೈಪ್‌ಗೆ ಬಡಿದು, ತಿರುಗಿ ನಿಮ್ಮ ಕಡೆಗೇ ಬರುತ್ತದೆ. ಹೆದರಿ ಹಾರಿದರೆ ಮೇಲಿನ ಇಟ್ಟಿಗೆ ಸಾಲಿಗೆ ತಲೆ ಬಡಿದು ಸಾಮಾನ್ಯವಾಗಿ ಅದರ ಮೇಲೇ ಬೀಳುತ್ತೀರಿ. ಮಾರಿಯೋ ದೊಡ್ಡವನಾಗುತ್ತಾನೆ. ಓ, ಇದು ಒಳ್ಳೆಯದು! ಒಂದಕ್ಷರ ಓದದೆ ಗೊತ್ತಾಯಿತು.

ಇದೇ ಲೆವೆಲ್‌ನ ಕೊನೆಯಲ್ಲಿ ಎದುರುಬದುರು ಮೆಟ್ಟಿಲುಗಳ ಎರಡು ಜೋಡಿಗಳಿವೆ. ಮೊದಲ ಜೋಡಿಯ ನಡುವೆ ಗಟ್ಟಿ ನೆಲ. ಹಾರುವುದು ತಪ್ಪಿದರೂ ನಷ್ಟವಿಲ್ಲ, ಮತ್ತೆ ಹತ್ತಬಹುದು. ಸ್ವಲ್ಪ ಮುಂದೆ ಅಂಥದ್ದೇ ಇನ್ನೊಂದು ಜೋಡಿ. ಈ ಸಲ ನಡುವೆ ಹಳ್ಳ. ಮೊದಲು ಅಭ್ಯಾಸ, ಆಮೇಲೆ ಪರೀಕ್ಷೆ. ಇಷ್ಟು ಮರ್ಯಾದೆಯಿಂದ ಕಲಿಸುವ ಗೇಮ್‌ಗಳು ಆ ಕಾಲದಲ್ಲಿ ತೀರಾ ಕಡಿಮೆ.

ನಮ್ಮ ಕಡೆ ಈ ಆಟ ಬಂದ ದಾರಿ ನೋಡಿದರೆ ಈ ಪಾಠದ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಫ್ಯಾಮಿಕಾಮ್‌ನ ಚಿಪ್‌ಗಳನ್ನು ತೈವಾನಿನ ತಯಾರಕರು ನಕಲು ಮಾಡಿದರು. ಅದರಿಂದ ಹುಟ್ಟಿದ ಅಗ್ಗದ ಯಂತ್ರಗಳು ಬೇರೆ ಬೇರೆ ಹೆಸರಲ್ಲಿ ಲೋಕವೆಲ್ಲ ಹರಡಿದವು. ರಷ್ಯಾದಲ್ಲಿ ಅದು 'ಡೆಂಡಿ'. ಕರ್ನಾಟಕದಲ್ಲಿ 90ರ ದಶಕದಲ್ಲಿ ಅದು ಸುಮ್ನೆ 'ಟಿವಿ ಗೇಮ್'. ಬೇಸಿಗೆ ರಜೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡುವ ಅಂಗಡಿಗಳಿದ್ದವು. ಹಳದಿ ಬಣ್ಣದ ಕ್ಯಾಸೆಟ್ ಮೇಲೆ '9999 ಇನ್ 1' ಅಂತ ಬರೆದಿರುತ್ತಿತ್ತು. ಒಳಗೆ ಇರುತ್ತಿದ್ದದ್ದು ಕೆಲವೇ ಆಟಗಳು, ಅವೇ ಬೇರೆ ಹೆಸರಲ್ಲಿ ಮತ್ತೆ ಮತ್ತೆ. ಮಾರಿಯೋ, ಕಾಂಟ್ರಾ, ಟ್ಯಾಂಕ್, ಬಾತುಕೋಳಿ ಹೊಡೆಯುವ ಆಟ. ಕ್ಯಾಸೆಟ್ ಹಿಡಿಯದಿದ್ದರೆ ತೆಗೆದು ಊದಿ ಮತ್ತೆ ಹಾಕುವುದು ಎಲ್ಲರಿಗೂ ಗೊತ್ತಿದ್ದ ರಿಪೇರಿ.

ಆ ಕ್ಯಾಸೆಟ್ ಜೊತೆ ಆಟ ಹೇಳಿಕೊಡುವ ಪುಸ್ತಕ ಇರುತ್ತಿರಲಿಲ್ಲ. ಕಥೆ ಗೊತ್ತಿರಲಿಲ್ಲ. ಕೋಟೆ ಗೆದ್ದಾಗ ಪುಟ್ಟ ಅಣಬೆ ತಲೆಯವನು 'ರಾಜಕುಮಾರಿ ಬೇರೆ ಕೋಟೆಯಲ್ಲಿದ್ದಾಳೆ' ಅಂತ ಇಂಗ್ಲಿಷಿನಲ್ಲಿ ಹೇಳುವುದು ಕನ್ನಡ ಶಾಲೆಯ ಎಷ್ಟೋ ಮಕ್ಕಳಿಗೆ ಅರ್ಥವಾಗುತ್ತಿರಲಿಲ್ಲ. ಆದರೂ ಆಡಿದರು. ಪೈಪ್‌ನೊಳಗೆ ಇಳಿಯಬಹುದು, 1-2ರಲ್ಲಿ ಇಟ್ಟಿಗೆಗಳ ಮೇಲೆ ಓಡಿಹೋದರೆ 4ನೇ ಲೋಕಕ್ಕೆ ನೇರ ದಾರಿ ಇದೆ, 3-1ರ ಕೊನೆಯ ಮೆಟ್ಟಿಲ ಮೇಲೆ ಆಮೆಯ ಚಿಪ್ಪನ್ನು ಸರಿಯಾಗಿ ತುಳಿಯುತ್ತಿದ್ದರೆ ಲೈಫ್ ಬರುತ್ತಲೇ ಇರುತ್ತದೆ ಎಂಬುದೆಲ್ಲ ಬಾಯಿಂದ ಬಾಯಿಗೆ ಹರಡಿತು. ಅಣ್ಣ ತಮ್ಮನಿಗೆ ಹೇಳಿದ, ಪಕ್ಕದ ಬೀದಿಯವನು ಇವನಿಗೆ ಹೇಳಿದ. ಮಾತಿಲ್ಲದೆ ಕಲಿಸುವ ವಿನ್ಯಾಸ ಕೆಲಸ ಮಾಡುತ್ತದೋ ಇಲ್ಲವೋ ಎಂಬುದಕ್ಕೆ ಇದಕ್ಕಿಂತ ಕಠಿಣ ಪರೀಕ್ಷೆ ಯಾರೂ ಇಡಲಾರರು.

ಸಂಗೀತವನ್ನು ಬಿಟ್ಟರೆ ತಪ್ಪಾಗುತ್ತದೆ. ಕೋಜಿ ಕೊಂಡೊ ಮಾಡಿದ ಆ ಧಾಟಿ ಜಿಗಿತದ ಲಯಕ್ಕೆ ಹೊಂದುವಂತಿದೆ. ಸಮಯ 100ಕ್ಕಿಂತ ಕಡಿಮೆಯಾದರೆ ಅದೇ ಧಾಟಿ ವೇಗವಾಗಿ ಓಡುತ್ತದೆ, ಆಡುವವರ ಎದೆಬಡಿತವೂ ಜೋರಾಗುತ್ತದೆ. ಯಂತ್ರದಲ್ಲಿ ಏಕಕಾಲಕ್ಕೆ ನುಡಿಸಬಹುದಾದ ದನಿಗಳೇ ನಾಲ್ಕೈದು. ಹಾಗಾಗಿ ಜಿಗಿತದ ಸದ್ದು ಬಂದಾಗ ಸಂಗೀತದ ಒಂದು ದನಿ ಅರೆಕ್ಷಣ ಜಾಗ ಬಿಟ್ಟುಕೊಡುತ್ತದೆ. 2023ರಲ್ಲಿ ಈ ಧಾಟಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿತು. ವಿಡಿಯೋ ಗೇಮ್ ಸಂಗೀತಕ್ಕೆ ಆ ಗೌರವ ಸಿಕ್ಕಿದ್ದು ಅದೇ ಮೊದಲು.

ಎಲ್ಲವೂ ಚೆನ್ನಾಗಿದೆ ಅಂತಲ್ಲ. ನೀರಿನೊಳಗಿನ ಲೆವೆಲ್‌ಗಳು ಬೇಸರ ಬರುವಷ್ಟು ಎಳೆಯುತ್ತವೆ. 4-4 ಮತ್ತು 7-4ರ ಕೋಟೆಗಳಲ್ಲಿ ಸರಿಯಾದ ದಾರಿ ಊಹಿಸದಿದ್ದರೆ ಅದೇ ಜಾಗಕ್ಕೆ ಮತ್ತೆ ಬರುತ್ತೀರಿ, ಅಲ್ಲಿ ಆಟ ಏನನ್ನೂ ಕಲಿಸುವುದಿಲ್ಲ. 1986ರಲ್ಲಿ ಜಪಾನಿನಲ್ಲಿ ಬಂದ ಎರಡನೇ ಭಾಗ ಈ ಕೆಟ್ಟ ಗುಣವನ್ನೇ ಬೆಳೆಸಿತು. ವಿಷದ ಅಣಬೆ, ಗೆದ್ದವರನ್ನು ಹಿಂದಿನ ಲೋಕಕ್ಕೆ ತಳ್ಳುವ ದಾರಿ. ಇದು ಅತಿಯಾಯಿತು ಅಂತ ನಿಂಟೆಂಡೋದ ಅಮೆರಿಕ ಕಚೇರಿ ಅದನ್ನು ಬೇಡವೆಂದಿತು. ಬೇರೊಂದು ಆಟಕ್ಕೆ ಮಾರಿಯೋ ವೇಷ ಹಾಕಿ 1988ರಲ್ಲಿ ಅಲ್ಲಿ ಎರಡನೇ ಭಾಗವಾಗಿ ಬಿಟ್ಟರು. ಬರೀ ಕಷ್ಟ ಇದ್ದರೆ ಜನ ಆಡುವುದಿಲ್ಲ ಎಂಬುದು ಆಗಲೇ ಗೊತ್ತಾಗಿತ್ತು.

ಮುಂದೆ ಬಂದ ಒಳ್ಳೆಯ ಆಟಗಳೆಲ್ಲ ಜಿಗಿತಕ್ಕೇ ವಾಪಸ್ ಹೋದವು. 1996ರ 'ಸೂಪರ್ ಮಾರಿಯೋ 64' ಮಾಡುವಾಗ ಲೆವೆಲ್ ಕಟ್ಟುವ ಮೊದಲು ಒಂದು ಚಿಕ್ಕ ಕೋಣೆಯಲ್ಲಿ ಮಾರಿಯೋನನ್ನು ಓಡಾಡಿಸಿ, ಒಂದು ಮೊಲದ ಹಿಂದೆ ಅಟ್ಟಿಸಿ, ಬರೀ ಚಲನೆಯೇ ಖುಷಿ ಕೊಡುವ ತನಕ ತಿದ್ದಿದರು. ಬೇರೆಯವರು ಮಾಡಿದ 2018ರ 'ಸೆಲೆಸ್ಟ್' ಆಟದಲ್ಲಿ ಅಂಚು ದಾಟಿದ ಮೇಲೂ ಕೆಲವು ಫ್ರೇಮ್‌ಗಳ (ಪರದೆಯ ಮೇಲೆ ಒಂದರ ಹಿಂದೊಂದು ಬರುವ ಚಿತ್ರಗಳ) ತನಕ ಹಾರಲು ಬಿಡುತ್ತಾರೆ. ಕಣ್ಣಿಗೆ ಕಾಣದಷ್ಟು ಚಿಕ್ಕ ರಿಯಾಯಿತಿ, ಆದರೆ ಕೈಗೆ ಗೊತ್ತಾಗುತ್ತದೆ. 2015ರ 'ಸೂಪರ್ ಮಾರಿಯೋ ಮೇಕರ್'ನಲ್ಲಿ ಲೆವೆಲ್ ಕಟ್ಟುವ ಕೆಲಸವನ್ನೇ ಆಟಗಾರರ ಕೈಗೆ ಕೊಟ್ಟರು.

ಹಳೇ ಆಟವೂ ಇನ್ನೂ ಮುಗಿದಿಲ್ಲ. ಅದನ್ನು ಆದಷ್ಟು ಬೇಗ ಮುಗಿಸುವ 'ಸ್ಪೀಡ್‌ರನ್' ಆಟಗಾರರು ಗುಪ್ತ ದಾರಿ ಹಿಡಿದು 32ರಲ್ಲಿ 8 ಲೆವೆಲ್ ಮಾತ್ರ ಆಡುತ್ತಾರೆ. 2021ರಲ್ಲಿ ಮೊದಲ ಬಾರಿಗೆ ಒಬ್ಬ ಆಟಗಾರ 4 ನಿಮಿಷ 55 ಸೆಕೆಂಡಿನ ಒಳಗೆ ಮುಗಿಸಿದ. ಈಗ ಸೆಕೆಂಡ್ ಲೆಕ್ಕ ಸಾಲುವುದಿಲ್ಲ, ಫ್ರೇಮ್ ಲೆಕ್ಕ ಬೇಕು. ಸೆಕೆಂಡಿಗೆ ಸುಮಾರು 60 ಫ್ರೇಮ್. ಒಂದು ಲೆವೆಲ್ ಮುಗಿದಾಗ ಮುಂದಿನದಕ್ಕೆ ಹೋಗಬೇಕೇ ಅಂತ ಆಟ 21 ಫ್ರೇಮ್‌ಗೆ ಒಂದು ಸಲ ಮಾತ್ರ ನೋಡುತ್ತದೆ. ಹಾಗಾಗಿ ಹತ್ತು ಫ್ರೇಮ್ ಬೇಗ ಮುಗಿಸಿದರೂ ಕೆಲವೊಮ್ಮೆ ಏನೂ ಉಳಿಯುವುದಿಲ್ಲ, ಕಾಯುವುದು ತಪ್ಪುವುದಿಲ್ಲ. ಕೊನೆಯ 8-4ಕ್ಕೆ ಮಾತ್ರ ಈ ನಿಯಮ ಇಲ್ಲ. ಕೋಟೆಯ ಕೊನೆಯಲ್ಲಿರುವ ಕೊಡಲಿ ಮುಟ್ಟಿದ ಕ್ಷಣಕ್ಕೆ ಆಟ ಮುಗಿಯುತ್ತದೆ, ಅಲ್ಲಿ ಒಂದೇ ಒಂದು ಫ್ರೇಮ್ ಉಳಿಸಿದರೂ ಲೆಕ್ಕಕ್ಕೆ ಬರುತ್ತದೆ. ಉಳಿದ ಲೆವೆಲ್‌ಗಳನ್ನು ಹೆಚ್ಚುಕಡಿಮೆ ಪೂರ್ತಿ ಹಿಂಡಿದ ಮೇಲೆ ಈಗ ಆ ಆಟಗಾರರ ಹುಡುಕಾಟ ನಡೆದಿರುವುದು ಹೆಚ್ಚಾಗಿ ಅಲ್ಲೇ.