ನೂರು ಆನೆಗಳಿಗೆ ನೀರೆಲ್ಲಿಂದ?

ಬೀದರಿನ ಕಾಲೇಜು ವಿದ್ಯಾರ್ಥಿಯೊಬ್ಬ ತಾನು ಬರೆದ ಅದ್ಭುತ ಕಥೆಯೊಂದನ್ನು ಓದಿ ನೋಡಿ ಎಂದು ಕೊಟ್ಟಿದ್ದ. ಕೆಂಪು ಕಲ್ಲಿನ ದಿಬ್ಬದ ಮೇಲೊಂದು ಕೋಟೆ, ಅದರೊಳಗೆ ನೂರು ಯುದ್ಧದಾನೆ, ರೆಕ್ಕೆಯುಳ್ಳ ಕುದುರೆಗಳ ದಂಡು, ಮಂತ್ರ ಹೇಳಿದರೆ ಸಿಡಿಯುವ ತೋಪು, ಎಲ್ಲವೂ ಅದರಲ್ಲಿದ್ದವು. ಓದಿ ಮುಗಿಸಿ, ಈ ಆನೆಗಳು ನೀರೆಲ್ಲಿ ಕುಡಿಯುತ್ತವೆ ಎಂದು ಕೇಳಿದೆ. "ಕತಿ ಅದರೀ ಸರ್, ನೀರಿಂದು ಯಾರ್ ಕೇಳ್ತಾರ?" ಎಂದು ನಕ್ಕ.

ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕೊಡ ಸಾಲಿಟ್ಟು ಕಾಯುವ ಸೀಮೆಯ ಹುಡುಗನೇ ಹೀಗೆಂದರೆ ಹೇಗೆ? ಬೆಳೆದ ಆನೆಯೊಂದು ದಿನಕ್ಕೆ 100ರಿಂದ 200 ಲೀಟರ್ ನೀರು ಕುಡಿಯುತ್ತದೆ, ಸುಮಾರು 150 ಕಿಲೋ ಮೇವು ತಿನ್ನುತ್ತದೆ. ನೂರು ಆನೆಯೆಂದರೆ ದಿನವೂ ಎರಡು ಮೂರು ಟ್ಯಾಂಕರ್ ನೀರು, 15 ಟನ್ ಮೇವು. ಸೈನಿಕರು, ಕುದುರೆಗಳು, ಅಡುಗೆಮನೆಗಳ ಲೆಕ್ಕ ಬೇರೆಯೇ. ಕಲ್ಪಿತ ಲೋಕವನ್ನು ಕಟ್ಟುವವನು ಕೋಟೆಯ ಗೋಡೆಯನ್ನು ಎಷ್ಟೇ ಎತ್ತರಕ್ಕೆ ಏರಿಸಿದರೂ ಈ ಲೆಕ್ಕ ಕೂಡದಿದ್ದರೆ ಓದುಗನ ಮನಸ್ಸಿನ ಯಾವುದೋ ಮೂಲೆಯಲ್ಲಿ ಆ ಗೋಡೆ ಬಿರುಕು ಬಿಡುತ್ತದೆ.

15ನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಷಾ ವಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದಾಗ ಇದೇ ಪ್ರಶ್ನೆ ನಿಜವಾಗಿ ಎದುರಾಗಿತ್ತು. ಬೀದರ್ ನಿಂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಈ ಕೆಂಪು ಕಲ್ಲು ರಂಧ್ರಮಯವಾದುದರಿಂದ ಮಳೆನೀರು ಅದರ ಮೂಲಕ ಇಳಿಯುತ್ತದೆ; ಕೆಳಗಿರುವ ಕಪ್ಪು ಬಸಾಲ್ಟ್ ಶಿಲೆ ಸುಲಭಕ್ಕೆ ನೀರು ಬಿಡದಿರುವುದರಿಂದ ಅಲ್ಲಿ ತಡೆದು ನಿಲ್ಲುತ್ತದೆ. ಈ ನೀರನ್ನು ಹಿಡಿಯಲು ಪರ್ಷಿಯಾದಿಂದ ಬಂದ ಕರೇಜ್ ವಿದ್ಯೆ ನೆರವಾಯಿತು. ಬೀದರಿನ ಪಕ್ಕದ ನೌಬಾದಿನಲ್ಲಿ ಅದನ್ನು ಜನ ಇಂದಿಗೂ ಸುರಂಗ ಬಾವಿ ಎನ್ನುತ್ತಾರೆ. ಎತ್ತರದ ಜಾಗದಲ್ಲಿ ಅಂತರ್ಜಲ ಮುಟ್ಟುವವರೆಗೆ ಒಂದು ತಾಯಿಬಾವಿಯನ್ನು ತೋಡಿ, ಅಲ್ಲಿಂದ ನೆಲದ ಇಳಿಜಾರಿಗಿಂತ ಕಡಿಮೆ ಇಳಿಜಾರಿನಲ್ಲಿ ಸುರಂಗ ಕೊರೆದರೆ, ಏತ, ಕಪಿಲೆ, ಎತ್ತು ಯಾವುದೂ ಇಲ್ಲದೆ ನೀರು ತಾನಾಗಿ ಹರಿದು ಹೊರಬರುತ್ತದೆ. ನಡುನಡುವೆ ಇಳಿಸಿದ ಬಾವಿಗಳಿಂದ ಮಣ್ಣು ಮೇಲಕ್ಕೆ ಬರುತ್ತದೆ, ಗಾಳಿ ಒಳಕ್ಕೆ ಹೋಗುತ್ತದೆ. ಇಳಿಜಾರು ಹೆಚ್ಚಾದರೆ ನೀರು ಸುರಂಗದ ತಳವನ್ನು ಕೊರೆಯುತ್ತದೆ, ಕಡಿಮೆಯಾದರೆ ಹೂಳು ನಿಲ್ಲುತ್ತದೆ. ಹಣತೆಯ ಬೆಳಕಿನಲ್ಲಿ ಈ ಹದ ಹಿಡಿದವರ ಹೆಸರು ಯಾವ ಶಾಸನದಲ್ಲಿದೆ?

ಕಥೆಗಾರನಿಗೆ ಇಲ್ಲೊಂದು ಇಡೀ ರಾಜ್ಯವೇ ಸಿಗುತ್ತದೆ. ಸುರಂಗವಿದ್ದ ಮೇಲೆ ಅದನ್ನು ಅಳೆಯುವವರಿರಬೇಕು, ವರ್ಷವರ್ಷ ಹೂಳು ತೆಗೆಯುವವರಿರಬೇಕು, ನೀರಿನ ಪಾಲಿಗಾಗಿ ಜಗಳವಾಡುವ ತೋಟದವರಿರಬೇಕು. ಕೋಟೆಬಾಗಿಲು ಒಡೆಯುವ ಬದಲು ತಾಯಿಬಾವಿಗೆ ವಿಷ ಬೆರೆಸುವ ಶತ್ರುವೂ ಹುಟ್ಟಿಕೊಳ್ಳುತ್ತಾನೆ. ಕಲ್ಪನೆಯ ಲೋಕದಲ್ಲಿ ತಂತ್ರಜ್ಞಾನವನ್ನು ಗೋಡೆಗೆ ತೂಗುಹಾಕಿದ ಗಡಿಯಾರದಂತೆ ಇಡಲು ಬರುವುದಿಲ್ಲ. ಪ್ರತಿ ಯಂತ್ರವೂ ತನ್ನ ಕಚ್ಚಾ ಸಾಮಗ್ರಿ, ತನ್ನ ಕಸುಬುದಾರ, ತನ್ನ ವೈರಿಯನ್ನು ಜೊತೆಗೆ ಕರೆತರುತ್ತದೆ ಎಂಬುದು ನನ್ನ ವಾದ.

ಬಿದರಿ ಕೆಲಸವನ್ನೇ ನೋಡಿ. ಹೆಚ್ಚಿನ ಪಾಲು ಸತು, ಸ್ವಲ್ಪ ತಾಮ್ರ ಸೇರಿಸಿ ಹೂಜಿಯನ್ನು ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯ ಮಾಡಿ, ಗೆರೆ ಕಾಣಲೆಂದು ಮೈಲುತುತ್ತ ಹಚ್ಚಿ ತಾತ್ಕಾಲಿಕವಾಗಿ ಕಪ್ಪಾಗಿಸಿ, ಉಳಿಯಿಂದ ಬಳ್ಳಿ ಕೊರೆದು, ಆ ಗೀರುಗಳಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ, ಬಿಸಿ ಮಾಡಿದ ಹೂಜಿಗೆ ಉಜ್ಜಿದಾಗ ಸತುವಿನ ಮೈ ಇದ್ದಿಲಿನಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಮಣ್ಣು ಸರಿಯಾದದ್ದೇ ಎಂದು ತಿಳಿಯಲು ಕುಶಲಕರ್ಮಿ ಅದನ್ನು ನಾಲಗೆಗೆ ತಾಗಿಸಿ ನೋಡುವುದುಂಟು. ಯಾವ ಮಾಂತ್ರಿಕನ ವಿವರವೂ ಇದಕ್ಕಿಂತ ನಂಬಿಕೆ ಹುಟ್ಟಿಸಲಾರದು.

ಸತುವಿನ ಹಿಂದೆಯೂ ದೊಡ್ಡ ಕಥೆಯಿದೆ. ಅದು ಕುದಿಯುವುದು 907 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಿರಿನಿಂದ ಅದನ್ನು ಬಿಡಿಸಲು ಅದಕ್ಕಿಂತ ಹೆಚ್ಚು ಕಾವು ಬೇಕು. ಹಾಗಾಗಿ ಲೋಹವು ಕುಲುಮೆಯಲ್ಲಿ ದ್ರವವಾಗಿ ಇಳಿಯದೆ ಆವಿಯಾಗಿ ಹೊರಡುತ್ತದೆ, ಗಾಳಿ ತಾಗಿದರೆ ಬಿಳಿ ಪುಡಿಯಾಗಿಬಿಡುತ್ತದೆ. ರಾಜಸ್ಥಾನದ ಜಾವರ್‌ನಲ್ಲಿ ಮಣ್ಣಿನ ಮೂಸೆಗಳನ್ನು ಬೋರಲು ಹಾಕಿ ಆ ಆವಿಯನ್ನು ಕೆಳಗೆ ತಣಿಸಿ ಹಿಡಿಯುತ್ತಿದ್ದರು. ಇಂಗ್ಲೆಂಡಿನಲ್ಲಿ ವಿಲಿಯಂ ಚಾಂಪಿಯನ್ ಇಂಥದೊಂದು ವಿಧಾನಕ್ಕೆ ಪೇಟೆಂಟ್ ಪಡೆದದ್ದು 1738ರಲ್ಲಿ. ಬೀದರಿನ ಜಂಬಿಟ್ಟಿಗೆಯಲ್ಲಿ ಸತುವಿನ ಗಣಿಯಿಲ್ಲ. ಆದ್ದರಿಂದ ಕಥೆಯಲ್ಲಿ ಇಂಥ ಹೂಜಿಯೊಂದನ್ನು ಇಟ್ಟೊಡನೆ, ದೂರದ ಗಣಿಯನ್ನೂ ಬಟ್ಟಿ ಇಳಿಸುವವರನ್ನೂ ಸುಂಕದ ಕಟ್ಟೆಗಳಿರುವ ವ್ಯಾಪಾರದ ದಾರಿಯನ್ನೂ ಒಪ್ಪಿಕೊಂಡಂತಾಯಿತು.

ಕೋಟೆಯ ಮಣ್ಣಿನಲ್ಲಿ ಪೆಟ್ಲುಪ್ಪಿನಂಥ ಲವಣಗಳಿರುತ್ತವೆಂದು ಹೇಳುತ್ತಾರೆ. ತೋಪಿನ ಮದ್ದಿನ ಸುಮಾರು ಮುಕ್ಕಾಲು ಪಾಲು ಇದೇ ಪೆಟ್ಲುಪ್ಪು. ಉಳಿದದ್ದು ಇದ್ದಿಲು, ಗಂಧಕ. ಬೀದರಿನಲ್ಲಿರುವ, ಬಹಮನಿಗಳ ಮಂತ್ರಿ ಮಹಮೂದ್ ಗವಾನನ ಮದರಸಾ 1472ರಲ್ಲಿ ಕಟ್ಟಿದ್ದು. ಅದೇ ಸುಮಾರಿಗೆ ಅವನು ಬೆಳಗಾವಿ ಕೋಟೆಯ ಮುತ್ತಿಗೆಯಲ್ಲಿ ಗೋಡೆಯಡಿ ಮದ್ದು ಹೂತು ಸಿಡಿಸಿದನೆಂದು ಇತಿಹಾಸಕಾರ ಫರಿಶ್ತಾ ಬರೆಯುತ್ತಾನೆ. ಔರಂಗಜೇಬನ ಕಾಲದಲ್ಲಿ ಆ ವಿದ್ಯಾಲಯದಲ್ಲೇ ಮದ್ದು ಸಂಗ್ರಹಿಸಿಡಲಾಗಿತ್ತು, ಅದು ಸ್ಫೋಟಗೊಂಡು ಕಟ್ಟಡದ ಒಂದು ಭಾಗವೇ ಹಾರಿಹೋಯಿತು. ಮುಂಭಾಗದ ಎರಡು ಮಿನಾರುಗಳಲ್ಲಿ ಇಂದು ಉಳಿದಿರುವುದು ಒಂದೇ. ಗ್ರಂಥಾಲಯದ ಪಕ್ಕದಲ್ಲಿ ಮದ್ದಿನ ಮೂಟೆಗಳನ್ನು ಯಾವ ಕಾದಂಬರಿಕಾರನಾದರೂ ಇರಿಸಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು.

ಮಂತ್ರಕ್ಕೆ ಈ ಲೆಕ್ಕವೆಲ್ಲ ಅನ್ವಯಿಸುವುದಿಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ದ್ರೌಪದಿಯ ಅಕ್ಷಯಪಾತ್ರೆ ಅವಳು ಉಣ್ಣುವವರೆಗೆ ಮಾತ್ರ ಅನ್ನ ಕೊಡುತ್ತಿತ್ತು. ಅವಳ ಊಟವಾದ ಮೇಲೆ ಅಂದಿಗೆ ಅದು ಬರಿಯ ಪಾತ್ರೆ. ಆ ಮಿತಿಯಿಲ್ಲದಿದ್ದರೆ ದೂರ್ವಾಸರು ಶಿಷ್ಯರ ಹಿಂಡಿನೊಡನೆ ಬಂದದ್ದು ಕಥೆಯೇ ಆಗುತ್ತಿರಲಿಲ್ಲ. ರೆಕ್ಕೆಯ ಕುದುರೆಯ ವಿಷಯದಲ್ಲಿ ನನ್ನ ತಕರಾರು ಕಡಿಮೆ. ಆಕಾರ ಕೆಡದಂತೆ ಪ್ರಾಣಿಯ ಉದ್ದ ಎರಡು ಪಟ್ಟಾದರೆ ರೆಕ್ಕೆಯ ವಿಸ್ತೀರ್ಣ ನಾಲ್ಕು ಪಟ್ಟು, ತೂಕ ಎಂಟು ಪಟ್ಟು ಆಗುವುದರಿಂದ ನಾನೂರು ಕಿಲೋ ಕುದುರೆ ಬರಿಯ ಸ್ನಾಯುಬಲದಿಂದ ಹಾರದು. ಅಲ್ಲಿ ಮಂತ್ರ ಬೇಕೇ ಬೇಕು, ಇರಲಿ. ಇಳಿದ ಮೇಲೆ ಅದಕ್ಕೆ ಎಷ್ಟು ಕಡಲೆ ಬೇಕೆಂದು ಮಾತ್ರ ಹೇಳಿದರೆ ಸಾಕು.

ತಿಂಗಳ ನಂತರ ಹುಡುಗ ಕಥೆಯನ್ನು ತಿದ್ದಿ ತಂದ. ಆನೆಗಳು ಹನ್ನೆರಡಕ್ಕೆ ಇಳಿದಿದ್ದವು. ಊರಿನ ಕೆಳಗೊಂದು ಸುರಂಗ ಬಂದಿತ್ತು, ಅದರ ಹೂಳು ತೆಗೆಯುವ ಹೆಂಗಸೊಬ್ಬಳು ಬಂದಿದ್ದಳು. ಮುತ್ತಿಗೆಯ ರಾತ್ರಿ ಅವಳು ಅಂಗೈಯಲ್ಲಿ ನೀರು ಹಿಡಿದು ನಾಲಗೆಗೆ ತಾಗಿಸುತ್ತಾಳೆ, ಉಗುಳುತ್ತಾಳೆ, ಆಮೇಲೆ ರಾಜನನ್ನು ಎಬ್ಬಿಸಲು ಓಡುತ್ತಾಳೆ.