ಸ್ಕೂಲ್ ಬಾಂಡ್‌ಗೆ ‘ಯೆಸ್’ ಅನ್ನುವ ಮುಂಚೆ ನಿಮ್ಮ ಮನೆಯ ಲೆಕ್ಕ ಹಾಕಿ

ಕ್ಯಾಲಿಫೋರ್ನಿಯಾದಲ್ಲಿ ಅಕ್ಟೋಬರ್ ಬಂತೆಂದರೆ ನನ್ನ ಕ್ಲೈಂಟ್‌ಗಳು ಟ್ಯಾಕ್ಸ್ ಬಿಟ್ಟು ಬ್ಯಾಲೆಟ್ ಬಗ್ಗೆ ಕೇಳುತ್ತಾರೆ. ಹೊಸದಾಗಿ ಸಿಟಿಜನ್ ಆದವರಿಗಂತೂ ಗಾಬರಿ. ಊರಲ್ಲಾದರೆ ಒಬ್ಬರನ್ನು ಆರಿಸಿ ಬಟನ್ ಒತ್ತಿದರೆ ಮುಗೀತು. ಇಲ್ಲಿ ಅಂಚೆಯಲ್ಲಿ ಬರುವ ಬ್ಯಾಲೆಟ್ ತುಂಬ ಹೆಸರುಗಳು, ಅದರ ಜೊತೆ ಮೆಷರ್‌ಗಳು, ಅಂದರೆ ‘ಯೆಸ್’ ಅಥವಾ ‘ನೋ’ ಅಂತ ಉತ್ತರಿಸಬೇಕಾದ ಪ್ರಶ್ನೆಗಳು. ನಂಬರ್ ಇದ್ದರೆ ರಾಜ್ಯದ್ದು, ಅಕ್ಷರ ಇದ್ದರೆ ನಮ್ಮ ಊರು, ಕೌಂಟಿ ಅಥವಾ ಸ್ಕೂಲ್ ಡಿಸ್ಟ್ರಿಕ್ಟ್‌ನದ್ದು. ಅಕ್ಷರದವನ್ನೇ ಮೊದಲು ಓದಿ ಅಂತ ಎಲ್ಲರಿಗೂ ಹೇಳುತ್ತೇನೆ. ನಿಮ್ಮ ಪ್ರಾಪರ್ಟಿ ಟ್ಯಾಕ್ಸ್ ಬಿಲ್‌ಗೆ ನೇರವಾಗಿ ಬಂದು ಸೇರುವುದು ಅವೇ.

ಸ್ಕೂಲ್ ಬಾಂಡನ್ನೇ ತೆಗೆದುಕೊಳ್ಳಿ, ಅಂದರೆ ಸ್ಕೂಲ್ ಡಿಸ್ಟ್ರಿಕ್ಟ್ ಎತ್ತುವ ಸಾಲ, ತೀರಿಸುವುದು ನಮ್ಮ ಪ್ರಾಪರ್ಟಿ ಟ್ಯಾಕ್ಸ್‌ನಿಂದ. ಬ್ಯಾಲೆಟ್ ಮೇಲಿನ ಪ್ರಶ್ನೆ 75 ಪದ ಮೀರುವಂತಿಲ್ಲ. ಅಷ್ಟರಲ್ಲೇ ಸೋರುವ ಚಾವಣಿ, ಹಳೇ ಲ್ಯಾಬ್, ಮಕ್ಕಳ ಸುರಕ್ಷತೆ ಎಲ್ಲವೂ ಬರುತ್ತದೆ. ಬೇಡ ಅನ್ನೋದಕ್ಕೆ ಯಾರಿಗೆ ಮನಸ್ಸು ಬರುತ್ತದೆ? ಆದರೆ ಕೌಂಟಿ ಕಳಿಸುವ ಪುಸ್ತಕದಲ್ಲಿ ‘ಟ್ಯಾಕ್ಸ್ ರೇಟ್ ಸ್ಟೇಟ್‌ಮೆಂಟ್’ ಅಂತ ಒಂದು ಪುಟ ಇರುತ್ತದೆ. ಪ್ರತಿ 1 ಲಕ್ಷ ಡಾಲರ್ ಅಸೆಸ್ಡ್ ವ್ಯಾಲ್ಯೂಗೆ (ತೆರಿಗೆಗಾಗಿ ಮನೆಗೆ ಕಟ್ಟಿದ ಬೆಲೆ) ವರ್ಷಕ್ಕೆ ಎಷ್ಟು ಅನ್ನೋದು ಅಲ್ಲಿದೆ. 55% ಮತದಲ್ಲಿ ಪಾಸಾಗುವ ಬಾಂಡ್‌ಗೆ ಯೂನಿಫೈಡ್ ಡಿಸ್ಟ್ರಿಕ್ಟ್‌ನಲ್ಲಿ (ಪ್ರಾಥಮಿಕದಿಂದ ಹೈಸ್ಕೂಲ್‌ವರೆಗೆ ಎಲ್ಲ ಒಂದೇ ಡಿಸ್ಟ್ರಿಕ್ಟ್) ಈ ಅಂದಾಜು 60 ಡಾಲರ್ ದಾಟುವಂತಿಲ್ಲ.

60 ಡಾಲರ್ ತಾನೇ ಅನ್ನಿಸುತ್ತದೆ. ಈಗ ಲೆಕ್ಕ ಹಾಕಿ. ನೀವು ಮೊನ್ನೆ ಮೊನ್ನೆ 15 ಲಕ್ಷ ಡಾಲರ್‌ಗೆ ಮನೆ ಕೊಂಡಿದ್ದರೆ ವರ್ಷಕ್ಕೆ 900 ಡಾಲರ್. ಪಕ್ಕದಲ್ಲೇ ಅಂಥದ್ದೇ ಮನೆಯಲ್ಲಿ ಬಹಳ ವರ್ಷದಿಂದ ಇರುವವರ ಅಸೆಸ್ಡ್ ವ್ಯಾಲ್ಯೂ 4 ಲಕ್ಷ ಇದ್ದರೆ ಅವರಿಗೆ ಬರೀ 240. 1978ರ ಪ್ರೊಪೊಸಿಶನ್ 13 ಪ್ರಕಾರ ಕೊಂಡಾಗಿನ ಬೆಲೆಯೇ ಆಧಾರ, ಅದು ವರ್ಷಕ್ಕೆ ಹೆಚ್ಚೆಂದರೆ 2% ಏರುತ್ತದೆ. ಹಾಗಾಗಿ ಈಚೆಗೆ ಮನೆ ಮಾಡಿಕೊಂಡ ನಮ್ಮ ಕನ್ನಡದ ಕುಟುಂಬಗಳಿಗೆ ಹೊರೆ ಜಾಸ್ತಿ. ಅದಕ್ಕೇ ‘ನೋ’ ಹಾಕಿ ಅಂತಲ್ಲ. ಶಾಲೆ ನಿಜವಾಗಿ ಸೋರುತ್ತಿದ್ದರೆ ನಾನೇ 900 ಕೊಡಿ ಅನ್ನುತ್ತೇನೆ. ಕೊಡುವುದು ಎಷ್ಟು ಅಂತ ತಿಳಿದು ಕೊಡಿ.

‘ತೆರಿಗೆ ದರ ಏರುವುದಿಲ್ಲ’ ಅಂತ ಬರೆದಿದ್ದರೆ ಇನ್ನೂ ಹುಷಾರಾಗಿ ಓದಿ. ಎಷ್ಟೋ ಸಲ ಹಳೇ ಸಾಲ ತೀರುವ ಹೊತ್ತಿಗೆ ಹೊಸ ಸಾಲ ಅದರ ಜಾಗಕ್ಕೆ ಬರುತ್ತದೆ. ಇಳಿಯಬೇಕಿದ್ದ ಬಿಲ್ ಇಳಿಯುವುದಿಲ್ಲ.

ಇನ್ನೊಂದು, ಬಾಂಡ್ ದುಡ್ಡು ಕಟ್ಟಡಕ್ಕೆ, ಸಲಕರಣೆಗೆ ಮಾತ್ರ. ಟೀಚರ್‌ಗಳ ಸಂಬಳಕ್ಕೆ ಮುಟ್ಟುವಂತಿಲ್ಲ. ಸಂಬಳಕ್ಕೆ ಬೇಕಾದರೆ ಪಾರ್ಸೆಲ್ ಟ್ಯಾಕ್ಸ್ ತರುತ್ತಾರೆ, ಅದು ಸಾಮಾನ್ಯವಾಗಿ ಮನೆಗಿಷ್ಟು ಅಂತ ಒಂದೇ ದರ. 65 ದಾಟಿದವರಿಗೆ ಎಷ್ಟೋ ಕಡೆ ವಿನಾಯಿತಿ ಇದೆ, ಆದರೆ ಅರ್ಜಿ ಹಾಕಬೇಕು. ಮನೆ ನಿಮ್ಮ ಅಪ್ಪ ಅಮ್ಮನ ಹೆಸರಲ್ಲಿದ್ದರೆ ವಿಚಾರಿಸಿ.

ಇನ್ನು ಅಭ್ಯರ್ಥಿಗಳು. ಪುಸ್ತಕದಲ್ಲಿ ಅವರು ಬರೆದುಕೊಳ್ಳುವ 200 ಪದದಲ್ಲಿ ಎಲ್ಲರೂ ಒಳ್ಳೆಯವರೇ. ನಾನು ನೋಡುವುದು ಫಾರ್ಮ್ 460, ಅಂದರೆ ಪ್ರಚಾರಕ್ಕೆ ಬಂದ ದುಡ್ಡಿನ ಲೆಕ್ಕದ ವರದಿ. 100 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಕೊಟ್ಟವರ ಹೆಸರು, ಉದ್ಯೋಗ ಅದರಲ್ಲಿರುತ್ತದೆ. ಸಿಟಿ ಕೌನ್ಸಿಲ್‌ಗೆ ನಿಂತವರಿಗೆ ಬಿಲ್ಡರ್‌ಗಳ ದುಡ್ಡೇ ಹೆಚ್ಚು ಬಂದಿದೆಯಾ, ಪೊಲೀಸ್ ಯೂನಿಯನ್‌ನದ್ದಾ, ನೆರೆಹೊರೆಯವರದ್ದಾ? ಅಷ್ಟು ನೋಡಿದರೆ ಅವರು ಯಾರ ಫೋನ್ ಮೊದಲು ಎತ್ತುತ್ತಾರೆ ಅನ್ನೋದರ ಸುಳಿವು ಸಿಗುತ್ತದೆ. ಈಗಾಗಲೇ ಸ್ಥಾನದಲ್ಲಿ ಇರುವವರಾದರೆ ಮೀಟಿಂಗ್ ಮಿನಿಟ್ಸ್‌ನಲ್ಲಿ ಬಜೆಟ್‌ಗೆ ಹೇಗೆ ವೋಟ್ ಹಾಕಿದರು ನೋಡಿ. ಯುಗಾದಿ ಕಾರ್ಯಕ್ರಮಕ್ಕೆ ಬಂದು ಹೋಳಿಗೆ ತಿಂದರು ಅನ್ನೋದಕ್ಕೋ, ಹೆಸರು ನಮ್ಮ ಕಡೆಯದು ಅನ್ನೋದಕ್ಕೋ, ವಾಟ್ಸಾಪ್ ಪಟ್ಟಿಯಲ್ಲಿ ಬಂತು ಅನ್ನೋದಕ್ಕೋ ಸುಮ್ನೆ ಮತ ಕೊಡಬೇಡಿ.

ಏನೂ ಗೊತ್ತಾಗದ ಸ್ಥಾನವನ್ನು ಖಾಲಿ ಬಿಡಬಹುದು, ಉಳಿದ ಮತಗಳು ಕೆಡುವುದಿಲ್ಲ. ಬ್ಯಾಲೆಟ್ ವಾಪಸ್ ಕಳಿಸುವ ಕವರ್ ಮೇಲೆ ಮಾತ್ರ ಅವರವರೇ ಸಹಿ ಹಾಕಬೇಕು. ಕೌಂಟಿಯವರು ಅದನ್ನು ತಮ್ಮ ಫೈಲಲ್ಲಿರುವ ಸಹಿಗೆ ಹೋಲಿಸಿ ನೋಡುತ್ತಾರೆ. ಹೆಂಡತಿಯ ಕವರ್‌ಗೆ ಗಂಡ ಸಹಿ ಹಾಕಿ ಕಳಿಸುವಂತಿಲ್ಲ.